ಕಿಟಕಿಯ ಮೇಲಿಟ್ಟ ತೋಳು

ಫಿಜಿ ದ್ವೀಪದ ಆ ಊರಿನಲ್ಲಿ ಬಿ.ಪಿ. ನೋಡಿಸಿಕೊಳ್ಳುವುದೆಂದರೆ ಹರಟೆಗೆ ಕೂತ ಹಾಗೆ. ಊರಿನ ಆರೋಗ್ಯ ಕಾರ್ಯಕರ್ತೆ ವಾಸಿತಿ ತಿಂಗಳಿಗೊಮ್ಮೆ ಸೋದರಮಾವ ಸೈರುಸಿಯ ಮನೆಗೂ ಯಂತ್ರ ಹಿಡಿದು ಹೋಗುತ್ತಿದ್ದಳು. ಊರ ಮುಖ್ಯಸ್ಥನ ಪರವಾಗಿ ಸಭೆಯಲ್ಲಿ ಮಾತಾಡುವವನು ಸೈರುಸಿ. ಆ ಮನೆತನದ ಕಸುಬೇ ಮಾತು. ಚಾಪೆಯ ಮೇಲೆ ಕೂತು, ತೋಳನ್ನು ಕಿಟಕಿಯ ದಂಡೆಗೆ ಏರಿಸಿ ಒರಗುವುದು ಅವನ ಗತ್ತು.

"ಮಾವ, ಕೈ ಸ್ವಲ್ಪ ಕೆಳಗಿಡಿ..."

"ನನ್ ಕೈ ಎಲ್ಲಿಡ್ಬೇಕು ಅಂತ ನೀನ್ ಹೇಳ್ಕೊಡ್ತೀಯೇನೇ? ಕಟ್ಟು ಕಟ್ಟು!"

ಹಿರಿಯರು ಕೂತ ರೀತಿಯನ್ನು ಕಿರಿಯರು ತಿದ್ದುವುದು ಅಲ್ಲಿ ದೊಡ್ಡ ತಪ್ಪು. ವಾಸಿತಿ ತೋಳು ಇದ್ದಲ್ಲೇ ಯಂತ್ರದ ಪಟ್ಟಿ ಕಟ್ಟಿದಳು. ಯಂತ್ರ ಪ್ರತಿಸಲ ನೂರ ಮೂವತ್ತರ ಆಸುಪಾಸು ತೋರಿಸಿತು. ಹನ್ನೊಂದು ತಿಂಗಳು ಚೆನ್ನಾಗಿದೆ ಎನ್ನುತ್ತ ಹಾಗೇ ಬರೆದುಕೊಂಡಳು.

ಒಂದು ಬೆಳಗ್ಗೆ ಸೈರುಸಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಮಾತು ನಿಂತಿತು.

"ಚೆನ್ನಾಗಿದೆ ಚೆನ್ನಾಗಿದೆ ಅಂದ್ಯಲ್ಲೇ! ಇನ್ಮೇಲೆ ಆ ಹಾಳು ಪೆಟ್ಟಿಗೆ ನನ್ ಹೊಸ್ತಿಲು ದಾಟ್ಬಾರ್ದು," ಎಂದು ಸೈರುಸಿಯ ಹೆಂಡತಿ ಮೆರೆಸೇನಿ ಕಿರುಚಿದಳು.

ಸೈರುಸಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನೋಡಲು ಬಂದ ಅಲ್ಲಿನ ಹಿರಿಯ ನರ್ಸ್ ಅಕೋಸಿತಾ ಒಂದೇ ಪ್ರಶ್ನೆ ಕೇಳಿದಳು: "ನೋಡುವಾಗ ತೋಳು ಎಲ್ಲಿತ್ತು?"

ವಾಸಿತಿ ಕಿಟಕಿ ತೋರಿಸಿದಳು.

ಅಕೋಸಿತಾ ಮೆರೆಸೇನಿಯನ್ನು ಅಲ್ಲೇ ಕೂರಿಸಿ, ತೋಳನ್ನು ದಂಡೆಯ ಮೇಲಿಡಿಸಿ ನೋಡಿದಳು. ನೂರ ಮೂವತ್ತನಾಲ್ಕು. ಆಮೇಲೆ ಬೆನ್ನಿಗೆ ಆಸರೆ ಕೊಟ್ಟು, ಐದು ನಿಮಿಷ ಸುಮ್ಮನಿರಿಸಿ, ತೋಳಿನಡಿ ದಿಂಬಿಟ್ಟು ಎದೆಮಟ್ಟದಲ್ಲಿ ನೋಡಿದಳು. ನೂರ ಐವತ್ತಾರು.

"ತೋಳು ಮೇಲಿದ್ರೆ ಕಮ್ಮಿ ತೋರಿಸತ್ತಮ್ಮ. ಒಳಗಿನ ಒತ್ತಡ ಕಮ್ಮಿ ಆಗಿರಲ್ಲ."

"ಮೊದ್ಲೇ ಗೊತ್ತಾಗಿದ್ರೆ ಇವರು ಮಾತಾಡ್ತಿದ್ರಾ?" ಮೆರೆಸೇನಿ ಗಂಡನತ್ತ ತಿರುಗಿ ಕೇಳಿದಳು.

"ಖಂಡಿತ ಅಂತ ಹೇಳಕ್ಕಾಗಲ್ಲ. ಮಾತ್ರೆನಾದ್ರೂ ಶುರು ಮಾಡ್ತಿದ್ವಿ."

ಮೆರೆಸೇನಿ ಬಹಳ ಹೊತ್ತು ಅತ್ತಳು. ಕೊನೆಗೆ, "ನಾಳೆ ಬಾ. ನನ್ನದು ಮತ್ತೆ ನೋಡು," ಎಂದು ವಾಸಿತಿಗೆ ಹೇಳಿದಳು. ಆದರೆ ಅವಳ ಮುಖ ನೋಡಲಿಲ್ಲ. ಮೂಲೆಯಲ್ಲಿ ಮಲಗಿದ್ದ ಸೈರುಸಿ ಏನೋ ಹೇಳಲು ಬಾಯಿ ತೆರೆದ. ಬರೀ ಉಸಿರು ಬಂತು.

ಅಕ್ಕಂದಿರೇ, ಅಣ್ಣಂದಿರೇ, ಬಿ.ಪಿ. ನೋಡಿಸುವ ಮುಂಚೆ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಬೆನ್ನಿಗೆ ಆಸರೆ ಇರಲಿ, ಪಟ್ಟಿ ಬಟ್ಟೆಯ ಮೇಲಲ್ಲ, ಬರಿ ತೋಳಿಗೇ ಸುತ್ತಿರಲಿ, ತೋಳು ಎದೆಮಟ್ಟದಲ್ಲಿರಲಿ. ನೋಡುವಾಗ ಮಾತು ಬೇಡ. ಇನ್ನು ನೋಡುವವರು ನೀವೇ ಆಗಿದ್ದರೆ, ಎಂಥ ದೊಡ್ಡವರಾದರೂ ತೋಳು ಇಳಿಸಿ ಎಂದು ಹೇಳಿ. ಬೈದರೆ ಬೈಸಿಕೊಳ್ಳಿ. ಮಾವ ಒಂದೇ ಒಂದು ಸಲ ಬೈಯಲಿ ಎಂದು ವಾಸಿತಿ ಇವತ್ತಿಗೂ ಆ ಚಾಪೆಯ ಪಕ್ಕ ಕಾದು ಕೂರುತ್ತಾಳೆ.