ಮರಳಿ ಬಂದ ಬುತ್ತಿ

ನಮ್ಮೂರ ಸ್ಟೇಷನ್ನಿಗೆ ಜಂಕ್ಷನ್ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಇರುವುದು ಒಂದು ಬೇವಿನ ಮರ, ಒಂದು ನಳ, ನನ್ನ ಚಹಾದ ಗಾಡಿ. ಶಹಾಬಾದ ಕಡೆಯ ಪ್ಯಾಸೆಂಜರೂ ಸೇಡಂ ಕಡೆಯ ಪ್ಯಾಸೆಂಜರೂ ಎದುರುಬದುರು ನಿಂತು ಜನರನ್ನು ಅದಲುಬದಲು ಮಾಡಿಕೊಂಡು ಹೋಗುತ್ತವೆ, ಅಷ್ಟೇ. ಹಾಳಾದವು, ನೆಟ್ಟಗೆ ಒಂದು ಕಪ್ ಚಹಾ ಕುಡಿಯುವಷ್ಟು ಪುರುಸೊತ್ತೂ ಕೊಡುವುದಿಲ್ಲ.

ಅಷ್ಟರಲ್ಲೇ ಬುತ್ತಿಗಳೂ ಹೋಗಬೇಕು. ನಮ್ಮೂರ ಗಂಡಸರು ಶಹಾಬಾದ ದಾರಿಯ ಕಲ್ಲಿನ ಖಣಿಗೆ ನಸುಕಿನ ಗಾಡಿಗೇ ಹೋಗಿಬಿಡುತ್ತಿದ್ದರು. ಹೆಂಗಸರು ಆಮೇಲೆ ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಮುಂದಿನ ಗಾಡಿಯ ಕಿಟಕಿಯಲ್ಲಿ ಯಾರ ಕೈ ಕಂಡರೆ ಆ ಕೈಗೆ ಕೊಡುತ್ತಿದ್ದರು. ಸಂಜೆ ಗಂಡಸರಿಗಿಂತ ಮೊದಲೇ ಡಬ್ಬಿಗಳು ವಾಪಸು ಬರುತ್ತಿದ್ದವು. ಖಾಲಿ ಡಬ್ಬಿ ಮನೆಗೆ ಬರಬಾರದೆಂದು ಪ್ರತಿಯೊಬ್ಬನೂ ಒಂದು ತುಣುಕು ರೊಟ್ಟಿ ಉಳಿಸಿ ಕಳಿಸುವುದು ರೂಢಿ. ಗಂಡ ಉಂಡ ಎಂಬುದಕ್ಕೆ ಅದೇ ಗುರುತು.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂದಾದ ಮರುವರ್ಷದ ಬೇಸಿಗೆ. ಮಧ್ಯಾಹ್ನದ ಗಾಡಿಯಿಂದ ಇಳಿದವರು ಯಾರೂ ಚಹಾ ಕೇಳಲಿಲ್ಲ. ದಿನಾ ಗದ್ದಲ ಮಾಡುವ ಪಾಸಿನವರೂ ತಲೆ ತಗ್ಗಿಸಿಕೊಂಡು ಹೋದರು. ಒಬ್ಬನನ್ನು ಹಿಡಿದು ಕೇಳಿದೆ. ಖಣಿಯಲ್ಲಿ ಬಂಡೆ ಜಾರಿದೆಯಂತೆ, ಊಟಕ್ಕೆ ಕೂರುವ ಮುಂಚೆ. ಯಾರ ಮೇಲೆ? ಗೊತ್ತಿಲ್ಲ, ಒಬ್ಬನೇ ಅನ್ನುತ್ತಾರೆ.

ಸ್ಟೇಷನ್ ಮಾಸ್ತರರು ಫೋನು ತಿರುಗಿಸಿ ತಿರುಗಿಸಿ ಕೈಬಿಟ್ಟರು. ಆ ಕಡೆಗೆ ಸಂಜೆಯವರೆಗೆ ಗಾಡಿಯೂ ಇಲ್ಲ. ಸುದ್ದಿ ಊರೊಳಗೆ ಹೋದದ್ದೇ ತಡ, ಹೆಂಗಸರೆಲ್ಲ ಪ್ಲಾಟ್‌ಫಾರ್ಮಿಗೆ ಬಂದು ಕೂತರು. ಒಬ್ಬರ ಮುಖ ಒಬ್ಬರು ನೋಡಲೊಲ್ಲರು. ನನ್ನವನಲ್ಲ ಎಂದು ಬೇಡಿಕೊಂಡರೆ ಪಕ್ಕದವಳ ಗಂಡ ಎಂದಾಗುತ್ತದಲ್ಲ! ನನಗೂ ಭಯವಾಗಿತ್ತು. ಭಯವಾದಾಗ ನಾನು ಬಾಯಿ ಜಾಸ್ತಿ ಮಾಡುವವನು.

"ಗುಂಡಮ್ಮಾ, ಹಿಂಗ್ಯಾಕ ಕುಂತಿ? ನಿನ್ನ ಗೊಲ್ಲಾಳಪ್ಪ ಭಾಳ ಗಟ್ಟಿ ಮನಷ್ಯಾ. ಅವನ ಮ್ಯಾಲ ಬಿದ್ದರ ಕಲ್ಲೇ ಒಡೀತದ."

"ಸುಮ್ಮಕಿರ್ರಿ, ಬಂದೇಅಲಿ ಭಾಯಿ. ಡಬ್ಬಿ ಬರಲಿ."

ಅವಳ ಪಕ್ಕ ಕೂತಿದ್ದವಳು ನೆರೆಮನೆಯ ಭೀಮಬಾಯಿ. ಅವಳ ಗಂಡ ಖಂಡೆಪ್ಪನೂ ಗೊಲ್ಲಾಳಪ್ಪನೂ ಖಣಿಯಲ್ಲಿ ಜೋಡಿ.

ಗಾಡಿ ತಡವಾಗಿ ಬಂತು. ಶಹಾಬಾದಿಗೆ ಹೋಗಿಬರುವ ಗುಮಾಸ್ತ ಜಗದೇವಪ್ಪ ಡಬ್ಬಿಗಳ ಚೀಲ ಇಳಿಸಿದ.

"ಖಂಡೆಪ್ಪ ಕೊಟ್ಟ. ಯಾರಿಗಿ ಏನಾಗ್ಯಾದಪಾ ಅಂತ ಕೇಳ್ದೆ. ಹಂಗೇ ತಿರಿಗಿ ಹೋದ."

ಗಂಡ ಇದ್ದಾನೆ! ಭೀಮಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ಉಳಿದವರು ಚೀಲಕ್ಕೆ ಮುಗಿಬಿದ್ದರು. ಒಬ್ಬಳ ಡಬ್ಬಿಯಲ್ಲಿ ತುಣುಕು ಇತ್ತು. ಇನ್ನೊಬ್ಬಳದರಲ್ಲೂ ಇತ್ತು. ಕೊನೆಗೆ ಉಳಿದದ್ದು ಗುಂಡಮ್ಮನದು. ಅವಳು ಅದನ್ನು ನನ್ನ ಕಡೆಗೆ ಚಾಚಿದಳು, ಮುಚ್ಚಳ ನಾನೇ ತೆಗೆದೆ.

ತುಣುಕು ಇತ್ತು.

"ಅದ ನೋಡ್ರಿ! ನಮ್ಮೂರವರು ಯಾರೂ ಅಲ್ಲ!" ಎಂದು ಕೂಗಿಬಿಟ್ಟೆ. ಭಂಕೂರಿನವನೋ ಮತ್ತೆಲ್ಲಿಯವನೋ, ಯಾವನೋ ಒಬ್ಬ ಸತ್ತಿದ್ದಾನೆ, ನಾವು ಹಬ್ಬದವರ ಹಾಗೆ ನಗುತ್ತಿದ್ದೆವು. ಎಲ್ಲರಿಗೂ ಪುಕ್ಕಟೆ ಚಹಾ ಸುರಿದೆ. ಅಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಗುಂಡಮ್ಮ ತುಣುಕನ್ನು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಒಯ್ದವಳು ತಡೆದಳು. ಬೆರಳಲ್ಲಿ ಹಿಡಿದು ಹೊರಳಿಸಿ ನೋಡಿದಳು.

"ಭೀಮಕ್ಕಾ, ಇಷ್ಟು ತೆಳ್ಳಗ ನನಗ ಬಡೀಲಿಕ್ಕಿ ಬರಂಗಿಲ್ಲ. ಇದು ನಿನ್ನ ರೊಟ್ಟಿ."

ಉಣ್ಣದೆ ಸತ್ತವನ ಬುತ್ತಿಯನ್ನು ನಮ್ಮೂರಲ್ಲಿ ಮನೆಗೆ ತಿರುಗಿಸುವುದಿಲ್ಲ, ಅಲ್ಲೇ ದನಕ್ಕೋ ನಾಯಿಗೋ ಹಾಕಿಬಿಡುತ್ತಾರೆ. ಖಂಡೆಪ್ಪ ಹಾಗೇ ಮಾಡಿದ್ದ. ಆದರೆ ಗೆಳೆಯನ ಡಬ್ಬಿಯನ್ನು ಖಾಲಿ ಕಳಿಸಲು ಅವನಿಗೆ ಧೈರ್ಯ ಬಂದಿರಲಿಲ್ಲ. ತಾನು ಉಳಿಸಿದ್ದನ್ನೇ ಮುರಿದು ಅದರಲ್ಲೂ ಹಾಕಿದ್ದ. ಬಡಿದವಳಿಗೆ ತನ್ನ ಕೈ ರೊಟ್ಟಿಯ ಗುರುತು ಇರುತ್ತದೆ ಎಂಬುದು ಆ ಮಂಕನಿಗೆ ಹೊಳೆಯಲೇ ಇಲ್ಲ.

ಭೀಮಬಾಯಿಯ ಡಬ್ಬಿಯಿಂದ ಗುಂಡಮ್ಮ ತಾನೇ ಇನ್ನೊಂದು ತುಣುಕು ತೆಗೆದಳು. ಎರಡನ್ನೂ ಪಕ್ಕಪಕ್ಕ ಹಿಡಿದಳು. ಮುರಿದ ಅಂಚು ಅಂಚಿಗೆ ಕೂಡಿತು.

"ಈ ರೊಟ್ಟಿ ನಂದಲ್ಲ ಅಂತ ಅನ್ನಕ್ಕಾ," ಅಂದಳು. "ಒಮ್ಮಿ ಅನ್ನು."

ಭೀಮಬಾಯಿ ಅವಳ ಕೈಯಿಂದ ಎರಡೂ ತುಣುಕು ತೆಗೆದು ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು.