ಅಪ್ಪನ ತಿದ್ದುಪಡಿ

ಮೊದಲ ಸಲ ವಕೀಲರ ಕಚೇರಿಗೆ ಹೋದಾಗ ಅಪ್ಪ ಸಹಿ ಹಾಕಲಿಲ್ಲ, ಕಾಗದದಲ್ಲಿ ನಾಲ್ಕು ಕಾಗುಣಿತದ ತಪ್ಪು ಹಿಡಿದರು. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿದ ಮನುಷ್ಯ. ಬೆಳಿಗ್ಗೆ ತಿಂಡಿ ತಿಂದದ್ದು ಮರೆತುಹೋಗುತ್ತದೆ, ತಪ್ಪಿದ ಒತ್ತಕ್ಷರ ಮಾತ್ರ ಥಟ್ಟನೆ ಕಣ್ಣಿಗೆ ಬೀಳುತ್ತದೆ.

"ಇಂಥ ತಪ್ಪು ಕಾಗದಕ್ಕೆ ನನ್ನ ಸಹಿ ಬೇಕಾ?" ಎಂದು ಎದ್ದೇಬಿಟ್ಟರು.

ಮಗಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವಳದು ಹೊಲಿಗೆ ಅಂಗಡಿ. ಅರ್ಧ ದಿನ ಬಾಗಿಲು ಹಾಕಿದರೂ ಗಿರಾಕಿಗಳು ಮುಖ ದಪ್ಪ ಮಾಡಿಕೊಳ್ಳುತ್ತಾರೆ. ಆದರೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ಮರೆವಿನ ಕಾಯಿಲೆ ಇನ್ನೂ ಶುರುವಿನಲ್ಲಿದೆ, ಮುಂದೆ ತಮ್ಮ ಪರವಾಗಿ ಯಾರು ತೀರ್ಮಾನ ಮಾಡಬೇಕೆಂದು ತಿಳಿವಳಿಕೆ ಇರುವಾಗಲೇ ಅವರು ಬರೆದುಕೊಡಲಿ, ತಡವಾದರೆ ಕೋರ್ಟು ಅಲೆಯಬೇಕಾಗುತ್ತದೆ.

ಅಪ್ಪನ ಬುದ್ಧಿ ಕೈಗೆ ಸಿಗುತ್ತಿದ್ದದ್ದು ಮಧ್ಯಾಹ್ನದ ಊಟದವರೆಗೆ ಮಾತ್ರ. ಅದನ್ನು ವಕೀಲರ ಗುಮಾಸ್ತನಿಗೆ ಎರಡೆರಡು ಸಲ ಬಿಡಿಸಿ ಹೇಳಿದ್ದಳು. ಆದರೂ ಎರಡನೆಯ ಸಲಕ್ಕೆ ಆತ ಕೊಟ್ಟದ್ದು ಮಧ್ಯಾಹ್ನ ಮೂರು ಗಂಟೆಯ ಹೊತ್ತು. ಹೋದರೆ ಅಪ್ಪ ವಕೀಲಮ್ಮನನ್ನು ನೋಡಿ, "ಯಾವಾಗ ಬಂದ್ರಿ? ಕೂತ್ಕೊಳ್ಳಿ, ನಮ್ಮ ಹುಡುಗಿ ನೀರು ತರ್ತಾಳೆ" ಎಂದು ಉಪಚಾರ ಮಾಡಿದರು.

ವಕೀಲಮ್ಮ ಫೈಲು ಮುಚ್ಚಿದರು. "ಇವತ್ತು ಬೇಡಮ್ಮ. ಈ ಸ್ಥಿತೀಲಿ ತಗೊಂಡ ಸಹಿ ನಾಳೆ ನಿಲ್ಲಲ್ಲ."

ಮೆಟ್ಟಿಲಿಳಿಯುತ್ತಲೇ ಅವಳು ತಮ್ಮನಿಗೆ ಫೋನು ಮಾಡಿದಳು. ಅವನಿಗೆ ನಲವತ್ತಾರು ವರ್ಷ, ಮನೆಯಲ್ಲಿ ಇನ್ನೂ ಪುಟ್ಟ. ಬಸ್ಸು ಹತ್ತಿದರೆ ಎರಡು ಗಂಟೆಯ ದಾರಿ, ಬಂದು ಏಳು ತಿಂಗಳಾಗಿತ್ತು.

"ನೀನಿದ್ದೀಯಲ್ಲಕ್ಕಾ, ನಾನು ಬಂದು ಏನ್ ಕಡಿದು ಹಾಕ್ಲಿ? ನೀನು ಏನ್ ಮಾಡಿದ್ರೂ ನನಗೆ ಒಪ್ಪಿಗೆ."

ಒಪ್ಪಿಗೆ ಕೊಡುವುದರಲ್ಲಿ ಅವನದು ಧಾರಾಳ ಕೈ.

ಮೂರನೆಯ ಸಲ ಬೆಳಿಗ್ಗೆ ಹತ್ತಕ್ಕೇ ಹೊತ್ತು ಸಿಕ್ಕಿತು. ಅಪ್ಪ ನೀಟಾಗಿ ಗಡ್ಡ ಹೆರೆದುಕೊಂಡು, ಜೇಬಿಗೆ ಕೆಂಪು ಪೆನ್ನು ಸಿಕ್ಕಿಸಿಕೊಂಡು ಹೊರಟರು. ವಕೀಲಮ್ಮ ಮಗಳನ್ನು ಹೊರಗೆ ಕೂರಿಸಿದರು. ಅಪ್ಪನನ್ನು ಒಬ್ಬರನ್ನೇ ಕೇಳಬೇಕಂತೆ, ಪಕ್ಕದಲ್ಲಿ ಯಾರೂ ಹೇಳಿಕೊಡಬಾರದಂತೆ. ಅವಳು ಬೆಂಚಿನ ಮೇಲೆ ಅರ್ಧ ಗಂಟೆ ಕೂತಳು. ಇಸವಿ ಕೇಳಿದರೇನು ಗತಿ?

ಒಳಗೆ ಕರೆದಾಗ ವಕೀಲಮ್ಮ ನಗುತ್ತಿದ್ದರು. "ಇಸವಿ ತಪ್ಪು ಹೇಳಿದ್ರು. ಆದ್ರೆ ಈ ಕಾಗದ ಯಾತಕ್ಕೆ ಅನ್ನೋದನ್ನ ನನಗಿಂತ ಚೆನ್ನಾಗಿ ಹೇಳಿದ್ರು. ನನಗೆ ಅಷ್ಟು ಸಾಕು."

ಮೇಜಿನ ಮೇಲಿದ್ದ ಕಾಗದದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗುರುತು, ಅದರ ಮೇಲೆ ಅಪ್ಪನ ದುಂಡು ಅಕ್ಷರ: 'ಮತ್ತು ನನ್ನ ಮಗ, ಇಬ್ಬರೂ ಕೂಡಿ.'

ಅವಳಿಗೆ ಎಲ್ಲಿತ್ತೋ ಸಿಟ್ಟು. "ಅಪ್ಪಾ! ಸ್ನಾನಕ್ಕೆ ನೀರು ತೋಡೋದು ನಾನು, ಮಾತ್ರೆ ಕೊಡೋದು ನಾನು. ಇಲ್ಲಿ ಅವನ್ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇರೋದಕ್ಕೇ ನಿನ್ನ ಹೆಸರು ಮೊದಲು ಕಣೇ," ಎಂದರು ಅಪ್ಪ. "ಅವನ ಹೆಸರು ಬರೀದಿದ್ರೆ ಅವನು ಈ ಕಡೆ ತಲೆ ಹಾಕಲ್ಲ. ನಾನು ನಿಮ್ಮನ್ನ ಗುರುತು ಹಿಡೀದೇ ಹೋದ ಕಾಲಕ್ಕೆ ನೀನೊಬ್ಬಳೇ ಒದ್ದಾಡ್ತೀಯ. ನನಗೆ ಅದು ಗೊತ್ತಾಗೋದೂ ಇಲ್ಲ."

ಅಪ್ಪ ಹೇಳಿದ್ದು ಸರಿಯೆನಿಸಿದರೂ ಅವಳ ಸಿಟ್ಟು ಇಳಿಯಲಿಲ್ಲ.

ಎಲ್ಲಕ್ಕೂ ಇಬ್ಬರ ಸಹಿ ಬೇಕೆಂದರೆ ಒಬ್ಬರು ಸಿಗದ ದಿನ ಆಸ್ಪತ್ರೆಯಲ್ಲಿ ಕೆಲಸ ನಿಂತುಹೋಗುತ್ತದೆ ಎಂದು ವಕೀಲಮ್ಮ ಅಪ್ಪನಿಗೆ ಬಿಡಿಸಿ ಹೇಳಿದರು. ಕೊನೆಗೆ ದಿನನಿತ್ಯದ್ದು, ತುರ್ತು ಚಿಕಿತ್ಸೆಯದು ಮಗಳೊಬ್ಬಳೇ ನೋಡುವುದು, ಮನೆ ಮಾರುವುದು, ಅಪ್ಪನನ್ನು ಆರೈಕೆ ಕೇಂದ್ರಕ್ಕೆ ಸೇರಿಸುವುದು ಇಬ್ಬರೂ ಕೂಡಿ ಎಂದು ತೀರ್ಮಾನವಾಯಿತು. ಅಂದರೆ ಹೊಸದಾಗಿ ಟೈಪು, ನಾಲ್ಕನೆಯ ಸಲ ಬರುವುದು, ಅದರ ಜೊತೆಗೆ ಪುಟ್ಟನ ಸಹಿ ಬೇರೆ.

"ಬುಧವಾರ ಬೆಳಿಗ್ಗೆ ಹತ್ತಕ್ಕೆ," ಎಂದಳು ಫೋನಿನಲ್ಲಿ. ಅವನು ಅದೂ ಇದೂ ಎನ್ನುವಷ್ಟರಲ್ಲಿ ಇಟ್ಟುಬಿಟ್ಟಳು.

ಬುಧವಾರ ಅವನು ಬಂದದ್ದು ಹನ್ನೊಂದೂಮುಕ್ಕಾಲಿಗೆ. ಅಷ್ಟರಲ್ಲಿ ಅಪ್ಪ ಎರಡು ಸಲ "ಮನೆಗೆ ಹೋಗೋಣ" ಎಂದಿದ್ದರು. ಆದರೂ ಕಾಗದ ಕೈಗೆ ಕೊಟ್ಟೊಡನೆ ಬೆನ್ನು ನೆಟ್ಟಗಾಯಿತು. ವಕೀಲಮ್ಮ ಮತ್ತೆ ಒಬ್ಬರನ್ನೇ ಕೂರಿಸಿಕೊಂಡು ಕೇಳಿದರು. ಅಪ್ಪ ಸಾಲು ಸಾಲಾಗಿ ಓದಿ, ಬದಲಾಗಿರುವುದು ಏನೆಂದು ಹೇಳಿ ಸಹಿ ಹಾಕಿದರು. ಅಕ್ಕ ತಮ್ಮ ಇಬ್ಬರೂ ಹಾಕಿದರು.

ಹೊರಗೆ ಬಂದಕೂಡಲೇ ಪುಟ್ಟ ಗಡಿಯಾರ ನೋಡಿಕೊಂಡ. "ಒಂದು ಗಂಟೆ ಬಸ್ಸಿದೆ, ಬರ್ಲಾ ಅಕ್ಕಾ?"

ಅವಳು ಮನೆಯ ಬೀಗದ ಕೈ, ಮಾತ್ರೆಯ ಡಬ್ಬಿ ಎರಡನ್ನೂ ಅವನ ಅಂಗೈಯಲ್ಲಿಟ್ಟಳು. "ನಾಲ್ಕಕ್ಕೆ ಬಿಳಿ ಮಾತ್ರೆ. ನುಂಗಿದ್ರಾ ಅಂತ ಬಾಯಿ ತೆಗೆಸಿ ನೋಡು. ನಾನು ಅಂಗಡಿ ಮುಚ್ಚೋದು ಎಂಟಕ್ಕೆ."

"ಅಕ್ಕಾ, ನನಗೆ ಇದೆಲ್ಲ..."

ಅವಳು ಆಗಲೇ ರಸ್ತೆ ದಾಟುತ್ತಿದ್ದಳು.