ಸೌಟಿನವರ ಸೂತಕ

ಮಗಳ ಮದುವೆ ಮೂರನೇ ಸಲ ಮುಂದಕ್ಕೆ ಹೋದಾಗ ಕೊತ್ತತ್ತಿಯ ಮುದ್ದಯ್ಯ, ಇದಕ್ಕಿಂತ ಸತ್ತುಹೋಗುವುದೇ ವಾಸಿ ಎಂದುಕೊಂಡ. ಅಂದುಕೊಂಡು ಸುಮ್ಮನಿರುವ ಆಸಾಮಿಯಲ್ಲ ಅವನು. ಅಂಚೆಮನೆಗೆ ಹೋಗಿ ಮೂವತ್ತೇಳು ಕಾರ್ಡು ತಂದ.

ಇರಲಾರದೆ ಇರುವೆ ಬಿಟ್ಟುಕೊಂಡದ್ದು ಅವನೇ. ಮುದ್ದಯ್ಯ ಕಬ್ಬು ತೂಗುವ ಗುಮಾಸ್ತ. ಅವನ ಒಕ್ಕಲಿನ, ಅಂದರೆ ವಂಶದ, ಹೆಸರು ಸೌಟಿನವರು. ಕೊತ್ತತ್ತಿಯಲ್ಲಿ ಸೌಟಿನವರದು ಅವನದೊಂದೇ ಮನೆ. ಅಪ್ಪ ಸತ್ತಾಗ ಚಟ್ಟಕ್ಕೆ ಹೆಗಲು ಕೊಡಲು ಒಬ್ಬ ದಾಯಾದಿಯೂ ಇರಲಿಲ್ಲ. ಆ ಸಂಕಟ ಅವನನ್ನು ಇಪ್ಪತ್ತು ವರ್ಷ ಕೊರೆಯಿತು. ಹೀಗಿರುವಾಗ ಎತ್ತಿನ ಮೇಲೆ ಕೂತು ವಂಶಾವಳಿ ಹೇಳುವ ಹೆಳವ ಊರಿಗೆ ಬಂದ. ಮುದ್ದಯ್ಯ ಅವನನ್ನು ಮೂರು ದಿನ ಜಗಲಿಯಲ್ಲೇ ಕಟ್ಟಿಹಾಕಿ, ಮುದ್ದೆ ಉಣ್ಣಿಸಿ, ಸೌಟಿನವರು ಯಾವ ಯಾವ ಊರಿಗೆ ಚೆದುರಿದರೆಂದು ಬರೆದುಕೊಂಡ. ಆಮೇಲೆ ರಜ ಹಾಕಿ ಊರೂರು ಅಲೆದ.

ನಮ್ಮ ಮೂಲಪುರುಷ ಒಂದೇ ಸೌಟಿನಲ್ಲಿ ದಂಡಿಗೆಲ್ಲ ಅನ್ನ ಬಡಿಸಿದ ಎಂದು ಮದ್ದೂರಿನ ಕಡೆಯವರು ಹೇಳಿದರು. ದಂಡಿನ ಸೌಟು ಕದ್ದು ಓಡಿಬಂದ ಎಂದು ಮಳವಳ್ಳಿಯ ಕಡೆಯವರು. ಮುದ್ದಯ್ಯ ಎರಡನ್ನೂ ಬರೆದ, ಎರಡನೆಯದನ್ನು ಸಣ್ಣ ಅಕ್ಷರದಲ್ಲಿ. ಕೊಕ್ಕರೆ ಬೆಳ್ಳೂರಿನ ಕರಿಯಯ್ಯ, ಒಕ್ಕಲಿಗೆಲ್ಲ ಹಿರಿಯ, ಅವನನ್ನು ತಬ್ಬಿಕೊಂಡು, "ಕಳ್ದೋಗಿದ್ದ ತಮ್ಮ ಸಿಕ್ದ ಕಣ್ರುಲಾ" ಎಂದು ಬೀದಿಗೆಲ್ಲ ಕೇಳುವಂತೆ ಅತ್ತ. ಮುದ್ದಯ್ಯನೂ ಅತ್ತ. ಅಷ್ಟು ಸಂತೋಷ ಅವನಿಗೆ ಹುಟ್ಟಿದಾರಭ್ಯ ಆಗಿರಲಿಲ್ಲ.

ಮಂಡ್ಯದಲ್ಲಿ ಪುಸ್ತಕ ಅಚ್ಚು ಹಾಕಿಸಿ ಮೂವತ್ತೇಳು ಊರಿಗೆ ಹಂಚಿದ. ಕೊನೆಯ ಪುಟದಲ್ಲಿ, 'ಒಕ್ಕಲಿನ ಯಾರ ಮನೆಯಲ್ಲಿ ಸಾವಾದರೂ ಈ ವಿಳಾಸಕ್ಕೆ ತಿಳಿಸತಕ್ಕದ್ದು' ಎಂದು ಹಾಕಿದ. ಕೆಟ್ಟದ್ದು ಅಲ್ಲೇ. ದಾಯಾದಿ ಸತ್ತರೆ ಹನ್ನೊಂದು ದಿನ ಸೂತಕ; ಆದರೆ ಸುದ್ದಿ ಕಿವಿಗೆ ಬಿದ್ದರೆ ಮಾತ್ರ. ಅದುವರೆಗೆ ಯಾರು ಸತ್ತರೂ ಮುದ್ದಯ್ಯನ ಕಿವಿಗೆ ಬಿದ್ದಿರಲಿಲ್ಲ. ಈಗ ವಾರಕ್ಕೊಂದು ಕಾರ್ಡು. ಸೌಟಿನವರು ಇಷ್ಟು ಧಾರಾಳವಾಗಿ ಸಾಯುತ್ತಾರೆಂದು ಅವನಿಗೇನು ಗೊತ್ತು? ಯುಗಾದಿಗೆ ಒಬ್ಬಟ್ಟಿಲ್ಲ, ಗೌರಿಗೆ ಬಾಗಿನವಿಲ್ಲ. ಇದ್ದೊಬ್ಬ ಮಗಳು ಹೊಂಬಾಳಮ್ಮನ ಮದುವೆಗೆ ಮೂರು ಸಲ ಚಪ್ಪರ ಹಾಕಿ ಮೂರು ಸಲ ಕಿತ್ತರು. ಮೂರು ಸಲವೂ ಅವಳು ಅತ್ತಳು.

ಬೆಳಕವಾಡಿಯಿಂದ ಗಂಡಿನ ಅಪ್ಪ ಮರಿಸಿದ್ದಯ್ಯ ಬಂದು ಕಡ್ಡಿ ತುಂಡು ಮಾಡಿದಂತೆ ಹೇಳಿದ: "ಬೀಗ್ರೆ, ನಿಮ್ ಒಕ್ಲೋರೆಲ್ಲ ಸತ್ತು ಮುಗಿಯಗಂಟ ಕಾಯಕ್ಕಾಯ್ತದಾ? ಆಸಾಡಕ್ ಮುಂಚೆ ಒಂದೇ ಲಗ್ನ ಇರೋದು. ಅದೂ ತಪ್ಪುದ್ರೆ ಬೇರೆ ಎಣ್ಣು ನೋಡ್ಕತೀವಿ."

ಆಗಲೇ ಮುದ್ದಯ್ಯ ಕಾರ್ಡು ತಂದದ್ದು. ಎಲ್ಲದರಲ್ಲೂ ಒಂದೇ ಒಕ್ಕಣೆ: 'ಕೊತ್ತತ್ತಿ ಮುದ್ದಯ್ಯನವರು ಇಂದು ದೈವಾಧೀನರಾದರು. ಇನ್ನು ಮುಂದೆ ಈ ವಿಳಾಸಕ್ಕೆ ಬರೆಯುವುದು ಬೇಡ.'

ಹೆಂಡತಿ ದೇವಿರಮ್ಮ ಹಣೆ ಚಚ್ಚಿಕೊಂಡಳು. "ನಾನು ತಾಳಿ ಮಡೀಕಳ್ಲಾ, ಬಿಚ್ಲಾ?"

"ಕಾರ್ಡ್ ಓದ್ದೋರ್ಗೆ ಮಾತ್ರ ಸತ್ತಿರೋದು ಕಣಮ್ಮಿ. ನಿಂಗಲ್ಲ."

ಉಪಾಯ ಫಲಿಸಿತು. ಹತ್ತು ದಿನ ಒಂದು ಕಾರ್ಡೂ ಬರಲಿಲ್ಲ. ಮುದ್ದಯ್ಯ ನಾಲ್ಕನೇ ಸಲ ಚಪ್ಪರ ಹಾಕಿಸಿದ. ಆದರೆ ಸತ್ತವನಿಗೆ ಹನ್ನೊಂದನೇ ದಿನ ತಿಥಿ, ತಿಥಿಗೆ ದಾಯಾದಿಗಳು ಬರಲೇಬೇಕು. ಒಕ್ಕಲಿನ ಪುಸ್ತಕ ಬರೆದ ಪಂಡಿತನಿಗೆ ಇದೊಂದು ಹೊಳೆಯಲಿಲ್ಲ. ಲಗ್ನವಿದ್ದದ್ದು ಹನ್ನೊಂದನೇ ದಿನವೇ.

ಇನ್ನೇನು ಧಾರೆ ಎರೆಯಬೇಕು, ನಾಲೆ ಏರಿಯ ಮೇಲೆ ಗಾಡಿಗಳ ಸಾಲು ಕಂಡಿತು. ಮುನ್ನೂರು ಜನ ಸೌಟಿನವರು. ಗಂಡಸರೆಲ್ಲ ಮೀಸೆ ಬೋಳಿಸಿದ್ದರು. ಮುಂದಿದ್ದ ಕರಿಯಯ್ಯ ಚಪ್ಪರದೊಳಗೆ ಬಂದವನು, ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದ ಸತ್ತ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ವಾಲಗ ನಿಂತಿತು. ಮುದ್ದಯ್ಯ ಇದ್ದದ್ದು ಇದ್ದಹಾಗೆ ಹೇಳಿಬಿಟ್ಟ.

"ಮೊನ್ನೆ ನಮ್ ಚಿಕ್ಕಪ್ಪ ಓಗ್ಬುಟ್ಟ" ಎಂದ ಕರಿಯಯ್ಯ. "ಬರೀಮ ಅಂದ್ರೆ ಯಾರ್ಗ್ ಬರೀಲಪ್ಪ, ನೀನೇ ಇರ್ನಿಲ್ಲ."

ಮರಿಸಿದ್ದಯ್ಯ ಮಗನ ರಟ್ಟೆಗೆ ಕೈ ಹಾಕಿದ. "ಸುದ್ದಿ ಕಿವಿಗ್ ಬಿತ್ತಲ್ಲ. ಸೂತಕ ಆಯ್ತೋ ಇಲ್ವೋ?"

ಕರಿಯಯ್ಯ ಬೆರಳು ಮಡಿಸಿ ದಿನ ಎಣಿಸಿದ. "ಇವ್ನು ಬದುಕಿದ್ರೆ ನನ್ ತಮ್ಮ. ಸೂತಕ ಅದೆ, ಮದ್ವೆ ಇಲ್ಲ. ಸತ್ತಿದ್ರೆ ಇವತ್ತು ಅನ್ನೊಂದ್ನೇ ದಿನ, ಆ ಸೂತಕ ತೀರ್ತು. ಗಂಡುಮಕ್ಳಿಲ್ದ ಮನೆ, ನಮ್ ಒಕ್ಲಿಂದ ಕಳ್ಚಕತು. ಚಿಕ್ಕಪ್ಪನ್ ಸೂತಕ ಇಲ್ಲ." ಮುದ್ದಯ್ಯನ ಕಡೆ ತಿರುಗಿದ. "ನೀನೇ ಯೋಳಪ್ಪ. ಬದುಕಿದ್ದೀಯೋ, ಸತ್ತಿದ್ದೀಯೋ?"

ಮುದ್ದಯ್ಯ ಹಸೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಮಗಳನ್ನು ನೋಡಿದ. ತನಗಾಗಿ ಮೀಸೆ ತೆಗೆಸಿ ಬಂದ ಮುನ್ನೂರು ಜನರನ್ನು ನೋಡಿದ. 

"ಸತ್ತಿವ್ನಿ ಕಣಣ್ಣ."

ವಾಲಗ ಮತ್ತೆ ಶುರುವಾಯಿತು. ಸತ್ತವನು ಧಾರೆ ಎರೆದ. ಸೌಟಿನವರು ಮದುವೆಯ ಪಂಕ್ತಿಯಲ್ಲೇ ಕೂತು, ಎಲೆ ನೋಡಿಕೊಂಡು, ತಿಥಿಯ ಊಟ ಮುಗಿಸಿದರು. ಅಡುಗೆ ಚೆನ್ನಾಗಿದೆ ಎಂದು ಒಬ್ಬರೂ ಅನ್ನಲಿಲ್ಲ. ಕೈತೊಳೆದ ಕರಿಯಯ್ಯ, ಮುದ್ದಯ್ಯ ಹಂಚಿದ್ದ ಪುಸ್ತಕದ ತನ್ನ ಪ್ರತಿ ತೆಗೆಸಿ, ಕೊತ್ತತ್ತಿಯ ಪುಟದಲ್ಲಿ ಗೆರೆ ಎಳೆಸಿದ.

ಗಾಡಿ ಕಟ್ಟಿದರು. ಬೀಳ್ಕೊಡಲು ಮುದ್ದಯ್ಯ ಊರ ಬಾಗಿಲವರೆಗೂ ಹಿಂದೆ ಹಿಂದೆ ಹೋದ. ಸಾವಿನ ಮನೆಯಿಂದ ಹೊರಡುವಾಗ ಯಾರೂ 'ಹೋಗಿಬರುತ್ತೇವೆ' ಎನ್ನುವುದಿಲ್ಲ. ಅವರೂ ಅನ್ನಲಿಲ್ಲ.